ಛತ್ರದ ಒಂಟಿ ಮೀನು

ನಮ್ಮ ಛತ್ರಕ್ಕೆ ಬಂದವರು ಮೊದಲು ನೋಡುವುದು ಗಂಡನ್ನೂ ಅಲ್ಲ, ಹೆಣ್ಣನ್ನೂ ಅಲ್ಲ, ಮೀನನ್ನು. ಬಾಗಿಲು ದಾಟಿದರೆ ಎದುರಿಗೇ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ. ಅದರೊಳಗೆ ಉಪ್ಪುನೀರು, ಬಂಡೆಕಲ್ಲು, ಬಣ್ಣಬಣ್ಣದ ಸಮುದ್ರದ ಮೀನು. ಪನ್ನೀರು ಚಿಮುಕಿಸುವ ಹುಡುಗಿಯರು ಬಾಗಿಲಲ್ಲಿ ನಿಂತೇ ಇರುತ್ತಾರೆ, ಜನ ಅವರನ್ನು ದಾಟಿಕೊಂಡು ಹೋಗಿ ಗಾಜಿಗೆ ಮೂಗು ಒತ್ತುತ್ತಾರೆ. ಆ ಮೂಗಿನ ಗುರುತು ಒರೆಸುವುದು, ಮೀನು ಸಾಕುವುದು ಅಪ್ಪಯ್ಯಣ್ಣನ ಕೆಲಸ. ಆಫೀಸಿನಲ್ಲಿ ಕೂತು ಬುಕಿಂಗ್ ತೆಗೆದುಕೊಳ್ಳುವುದು, ಕರೆಂಟು ಹೋದರೆ ಬೈಸಿಕೊಳ್ಳುವುದು, ಸಾರಿಗೆ ಉಪ್ಪು ಕಡಿಮೆಯಾದರೂ ಬೈಸಿಕೊಳ್ಳುವುದು ನನ್ನ ಕೆಲಸ. ನನ್ನ ಹೆಸರು ಪ್ರಮೋದಾ. ಬೈಸಿಕೊಂಡಷ್ಟೂ ತಿರುಗಿ ಬೈಯುತ್ತೇನೆ, ಅದಕ್ಕೇ ಇನ್ನೂ ಕೆಲಸದಲ್ಲಿ ಉಳಿದಿದ್ದೇನೆ.

ನಮ್ಮ ಮಾಲೀಕರಾದ ಉಮಾಶಂಕರ್ ಅವರು ದೊಡ್ಡಬಳ್ಳಾಪುರದಿಂದ ಮಾಕಳಿದುರ್ಗದ ಕಡೆಗೆ ಹೋಗುವ ರಸ್ತೆಯಲ್ಲಿ ಈ ಛತ್ರ ಕಟ್ಟಿಸುವ ಮುಂಚೆ ಯಾವುದೋ ಹೊರದೇಶದ ಹೋಟೆಲಿನಲ್ಲಿ ಇಂಥ ತೊಟ್ಟಿ ನೋಡಿ ಬಂದಿದ್ದರು. ಅಲ್ಲಿ ಸಮುದ್ರ ಪಕ್ಕದಲ್ಲೇ ಇತ್ತಂತೆ. ಇಲ್ಲಿ ನಮಗೆ ಕುಡಿಯುವ ನೀರಿಗೇ ಟ್ಯಾಂಕರ್ ಬರಬೇಕು. ಆದರೂ ಆಸೆ ಬಿಡಲಿಲ್ಲ. ಯಲಹಂಕದಲ್ಲಿ ಮೀನಿನ ಅಂಗಡಿ ಇಟ್ಟಿರುವ ವಸಂತ್ ಎನ್ನುವವರು ಬಂದು ತೊಟ್ಟಿ ಕೂರಿಸಿದರು. ಡ್ರಮ್ಮಿನಲ್ಲಿ ಉಪ್ಪು ಕಲಸಿ ಸಮುದ್ರ ಮಾಡುವುದನ್ನು ಅಪ್ಪಯ್ಯಣ್ಣನಿಗೆ ಅವರೇ ಹೇಳಿಕೊಟ್ಟರು.

ಅಪ್ಪಯ್ಯಣ್ಣ ಸಾಸಲು ಕಡೆಯ ರೈತರು. ಹೆಂಡತಿ ಅಮ್ಮಯಮ್ಮನ ಜೊತೆ ಛತ್ರದ ಹಿಂದಿನ ಕೋಣೆಯಲ್ಲಿದ್ದಾರೆ. ಅಮ್ಮಯಮ್ಮ ಅಡುಗೆಮನೆಗೆ ತರಕಾರಿ ಹೆಚ್ಚಿಕೊಡುತ್ತಾರೆ. ಅಪ್ಪಯ್ಯಣ್ಣ ಬಂದದ್ದು ಜನರೇಟರ್ ನೋಡಿಕೊಳ್ಳುವುದಕ್ಕೆ. ಉದ್ದನೆಯ ಮನುಷ್ಯ, ಹೆಗಲ ಮೇಲೆ ಮಡಿಸಿದ ಟವೆಲ್, ಮಾತಾಡುವ ಮುಂಚೆ ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಹುಟ್ಟಿದಾಗಿನಿಂದ ದನ ಸಾಕಿದವರು. ಮೀನನ್ನೂ ದನ ಸಾಕಿದ ಹಾಗೆಯೇ ಸಾಕಿದರು. ಬೆಳಗ್ಗೆ ಎದ್ದ ಕೂಡಲೇ ಒಂದೊಂದರ ಮುಖ ನೋಡುತ್ತಾರೆ, ಯಾವುದು ಮೇವು ಬಿಟ್ಟಿದೆ, ಯಾವುದು ಮೂಲೆ ಹಿಡಿದಿದೆ ಎಂದು ಹೇಳುತ್ತಾರೆ. ಸಗಣಿ ಬಾಚುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ, ಅದೂ ಪೂರ್ತಿ ನಿಜವಲ್ಲ.

ಆ ತೊಟ್ಟಿಯಲ್ಲಿ ದೊಡ್ಡದೊಂದು ಮೀನು ಇತ್ತು. ಕಡುನೀಲಿ ಮೈ, ತಲೆಯಿಂದ ಬಾಲದವರೆಗೆ ಹಳದಿ ಗೆರೆ, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ. ಏಂಜೆಲ್ ಜಾತಿಯದು ಎಂದು ವಸಂತ್ ಹೇಳಿದ್ದರು. ನಮಗೆಲ್ಲ ಅದು ಯಜಮಾನ. ಬಂದಾಗ ಅದು ವೀಳ್ಯದೆಲೆಯ ಅರ್ಧ ಇತ್ತು. ಮೇವು ಮುಟ್ಟದೆ ಕಲ್ಲಿನ ಸಂದಿ ಸೇರಿಕೊಂಡಿದ್ದನ್ನು ಅಪ್ಪಯ್ಯಣ್ಣ ದಿನವೂ ಕೋಲಿನ ತುದಿಗೆ ತಿಂಡಿ ಸಿಕ್ಕಿಸಿ ತಿನ್ನಿಸಿ ದೊಡ್ಡದು ಮಾಡಿದ್ದರು. ಅವರ ಟವೆಲ್ ಕಂಡರೆ ಸಾಕು, ಗಾಜಿನ ಆ ಕೊನೆಯಿಂದ ಈ ಕೊನೆಗೆ ಓಡಿ ಬರುತ್ತಿತ್ತು. ಅಮ್ಮಯಮ್ಮ ಒಂದು ದಿನ ನನ್ನ ಹತ್ತಿರ, "ನಾನು ಕೂಗಿದ್ರೆ ಅವರು ಇಷ್ಟು ಬೇಗ ಬಂದಿದ್ದೇ ಇಲ್ಲ" ಎಂದು ನಕ್ಕರು. ಆ ಮೀನೆಂದರೆ ಅಪ್ಪಯ್ಯಣ್ಣನಿಗೆ ಪ್ರಾಣ. ಅವರಿಗೆ ಮಕ್ಕಳಿಲ್ಲ ಎನ್ನುವುದನ್ನು ನಾವ್ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ತಕರಾರು ಶುರುವಾದದ್ದು ಬೀಗರಿಂದ. ಒಂಟಿ ಸೀನಿಗೇ ಹೊರಟ ಕಾಲು ಹಿಂದೆ ತೆಗೆಯುವ ಜನ ನಾವು. ಮದುವೆ ಮನೆಯಲ್ಲಿ ದೀಪದ ಕಂಬ ಜೋಡಿ, ಬಾಳೆಕಂಬ ಜೋಡಿ, ತೆಂಗಿನಕಾಯಿ ಜೋಡಿ. ಒಬ್ಬ ಗಂಡಿನ ತಾಯಿ ತೊಟ್ಟಿಯ ಮುಂದೆ ನಿಂತು, "ಇದರ ಜೊತೆದು ಎಲ್ಲಿ?" ಎಂದರು. ಇದೊಂದೇ ಎಂದೆ. "ಮದುವೆ ಛತ್ರದಲ್ಲಿ ಬಾಗಿಲಿಗೇ ಒಂಟಿ ಇಟ್ಟಿದೀರಲ್ಲಮ್ಮ!" ಎಂದು ಮುಖ ಗಂಟು ಹಾಕಿಕೊಂಡರು. ಕೆಂಪು ಬಿಳಿ ಪಟ್ಟೆಯ ಸಣ್ಣ ಜೋಡಿ ಮೀನು ತೋರಿಸಿದೆ. ಅವು ತೊಟ್ಟಿಯ ಮೂಲೆಯಲ್ಲಿ ಬೆರಳು ಬೆರಳಾದ ಹೂವಿನಂಥ ಒಂದು ಪ್ರಾಣಿಯೊಳಗೆ ಅವಿತು ಕೂರುತ್ತವೆ, ಕಣ್ಣಿಗೇ ಬೀಳುವುದಿಲ್ಲ. ಅವರ ಕಣ್ಣು ಯಜಮಾನನ ಮೇಲೇ. ಆ ಮಾತು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಬುಕಿಂಗಿಗೆ ಬಂದ ಇನ್ನಿಬ್ಬರು ಅದನ್ನೇ ಎತ್ತಿ ಆಡಿದರು. ಉಮಾಶಂಕರ್ ಅವರು, "ಅದಕ್ಕೊಂದು ಜೋಡಿ ತನ್ನಿ, ಇಲ್ಲ ಅದನ್ನ ತೆಗೆದುಹಾಕಿ" ಎಂದುಬಿಟ್ಟರು.

ಅಪ್ಪಯ್ಯಣ್ಣ ಎರಡು ಸಲ ಕೆಮ್ಮಿದರು. "ಅವು ಒಂದೇ ಜಾತಿವು ಎರಡು ಕೂಡಲ್ಲ ಸಾರ್. ವಸಂತ್ ಅವರು ಮೊದ್ಲೇ ಹೇಳವ್ರೆ."

"ಒಂದಿನ ಕಿತ್ತಾಡ್ತವೆ, ಆಮೇಲೆ ಸರಿಹೋಗ್ತವೆ. ಮದುವೆ ಆದೋರೂ ಹಾಗೇ ಅಲ್ವಾ?" ಎಂದು ಉಮಾಶಂಕರ್ ನಕ್ಕರು. ವಸಂತ್ ಕೊಡುವುದಿಲ್ಲ ಎಂದದ್ದಕ್ಕೆ ಬೇರೆ ಕಡೆಯಿಂದ ಅಷ್ಟೇ ದೊಡ್ಡದನ್ನು ತಾವೇ ತಂದರು. ಹೊಸದಕ್ಕೆ ದೃಷ್ಟಿಯಾಗಬಾರದೆಂದು ಅಮ್ಮಯಮ್ಮ ಅರಿಶಿನ ಸುಣ್ಣದ ನೀರಿನಲ್ಲಿ ಆರತಿ ಎತ್ತಿದರು. ತಟ್ಟೆ ಓರೆಯಾಗಿ ಒಂದಿಷ್ಟು ತೊಟ್ಟಿಗೇ ಬಿತ್ತು. ಕೆಳಗೆ ನೀರು ಸೋಸುವ ಯಂತ್ರದಿಂದ ನೊರೆ ಎದ್ದು ನೆಲಕ್ಕೆಲ್ಲ ಹರಿಯಿತು. ಗೃಹಪ್ರವೇಶದಲ್ಲಿ ಹಾಲು ಉಕ್ಕಿದ ಹಾಗೆ, ಒಳ್ಳೆಯ ಶಕುನ ಎಂದು ಅಡುಗೆಯವರೆಲ್ಲ ಸಂತೋಷಪಟ್ಟರು. ಸಂಜೆಯೊಳಗೆ ಯಜಮಾನ ಹೊಸದರ ರೆಕ್ಕೆಯನ್ನೆಲ್ಲ ಹರಿದುಹಾಕಿತ್ತು. ಅಪ್ಪಯ್ಯಣ್ಣ ಅದನ್ನು ಹಿಡಿದು ಬೇರೆ ನೀರಿಗೆ ಬಿಟ್ಟು, ಮಾರನೆಯ ದಿನ ವಸಂತ್ ಕೈಗೆ ಒಪ್ಪಿಸಿದರು. ಪುಣ್ಯಕ್ಕೆ ಬದುಕಿಕೊಂಡಿತು.

ಆಗ ವಸಂತ್ ಒಂದು ದಾರಿ ಹೇಳಿದರು. ಈ ಜಾತಿಯ ಮರಿಗೆ ಬಣ್ಣವೇ ಬೇರೆ. ಮೈಯೆಲ್ಲ ಕಪ್ಪುನೀಲಿ, ಅದರ ಮೇಲೆ ಸುತ್ತುಸುತ್ತಾಗಿ ಬಿಳಿ ಬಳೆಗಳು. ದೊಡ್ಡದು ಅದನ್ನು ತನ್ನ ಜಾತಿ ಎಂದು ಎಣಿಸುವುದಿಲ್ಲ, ಹಾಗಾಗಿ ಬಿಟ್ಟುಬಿಡುತ್ತದೆ. ಬೆಳೆದು ಬಣ್ಣ ತಿರುಗಿತು ಅನ್ನಿ, ಆಗ ಒಂದನ್ನು ತೆಗೆಯಲೇಬೇಕು. ಉಮಾಶಂಕರ್ ಅವರ ಕಿವಿಗೆ ಮೊದಲರ್ಧ ಮಾತ್ರ ಬಿತ್ತು. ಬೆಳೆದರೆ ಎರಡೂ ಒಂದೇ ಥರ ಆಗುತ್ತವಲ್ಲ, ತಾನಾಗಿಯೇ ಜೋಡಿ ಎಂದು ಖುಷಿಯಾದರು. ಎರಡನೆಯರ್ಧ ಅಪ್ಪಯ್ಯಣ್ಣನ ಎದೆಯಲ್ಲಿ ಉಳಿಯಿತು.

ಮರಿ ಬಂತು. ಅದನ್ನು ಮೊದಲು ಉಗ್ರಾಣದಲ್ಲಿ ಬೇರೆಯದೊಂದು ಸಣ್ಣ ತೊಟ್ಟಿಯಲ್ಲಿಟ್ಟು, ರೋಗ ಇಲ್ಲ, ಮೇವು ತಿನ್ನುತ್ತದೆ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಸಣ್ಣ ಕೊಳವೆಯಲ್ಲಿ ದೊಡ್ಡ ತೊಟ್ಟಿಯ ನೀರನ್ನು ಹನಿಹನಿಯಾಗಿ ಬಿಟ್ಟು ಅದಕ್ಕೆ ರೂಢಿ ಮಾಡಿಸಿದರು. ತೂತುಗಳಿದ್ದ ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಹಾಕಿ ತೊಟ್ಟಿಯೊಳಗೆ ಇಳಿಬಿಟ್ಟರು. ಯಜಮಾನ ಸುತ್ತ ತಿರುಗಿ ನೋಡಿತು, ಮೂತಿ ತಾಗಿಸಿತು, ಬೇಸರವಾಗಿ ಹೋಯಿತು. ಬಿಡುವ ದಿನ ಅಪ್ಪಯ್ಯಣ್ಣ ಭುಜದವರೆಗೆ ನೀರಿನಲ್ಲಿ ಕೈ ಹಾಕಿ ಕಲ್ಲುಗಳನ್ನೆಲ್ಲ ಜಾಗ ಬದಲಿಸತೊಡಗಿದರು. ಇದೇನು ಹೊಸ ಕೆಲಸ ಎಂದು ನಾನು ಆಫೀಸಿನಿಂದ ಎದ್ದು ಬಂದೆ.

"ಕೊಟ್ಟಿಗೆಗೆ ಹೊಸ ಹಸು ತಂದಾಗ ಎಲ್ಲ ಹಸುನೂ ಬಿಚ್ಚಿ ಗೂಟ ಬದಲಾಯಿಸ್ತಿದ್ವಿ ಪ್ರಮೋದಮ್ಮ. ಹಳೇದಕ್ಕೂ ಜಾಗ ಹೊಸದು, ಬಂದಿದ್ದಕ್ಕೂ ಹೊಸದು. ಆಮೇಲೆ ಯಾರೂ ಯಾರ್ಗೂ ಕೊಂಬು ತೋರ್ಸಲ್ಲ. ವಸಂತ್ ಅವರೂ ಕಲ್ಲು ಬದಲಾಯ್ಸಿ ಅಂದ್ರು. ನಂಗೆ ಗೊತ್ತಿರೋದೇ ಅಂದೆ."

ನನ್ನ ಬಾಯಿ ಸುಮ್ಮನಿರುವುದಿಲ್ಲ. "ಹಾಗಾದ್ರೆ ನಿಮ್ಮ ಮನೇಲಿ ಯಾಕಣ್ಣ ಗೂಟ ಬದಲಾಯಿಸ್ಲಿಲ್ಲ?" ಎಂದೆ.

"ಬದಲಾಯ್ಸಿದ್ನಲ್ಲ. ನಂದೇ ಕಿತ್ಕೊಂಡು ಬಂದೆ" ಎಂದು ಇನ್ನೊಂದು ಕಲ್ಲಿಗೆ ಕೈ ಹಾಕಿದರು.

ಅಪ್ಪಯ್ಯಣ್ಣನಿಗೆ ಮುನಿರಾಜ್ ಎನ್ನುವ ತಮ್ಮ ಇದ್ದಾರೆ ಎಂದು ನನಗೆ ಅಮ್ಮಯಮ್ಮ ಮುಂಚೆಯೇ ಹೇಳಿದ್ದರು. ಅಣ್ಣ ತಮ್ಮ ಇಬ್ಬರದೂ ಒಂದೇ ಅಚ್ಚು. ಇಬ್ಬರಿಗೂ ಹೊಲದ ಮಾತು ತಮ್ಮದೇ ನಡೆಯಬೇಕು. ಒಂದು ವರ್ಷ ಅಣ್ಣ ರಾಗಿ ಬಿತ್ತಿದ ಹೊಲಕ್ಕೆ ಗೊತ್ತಿದ್ದೂ ತಮ್ಮ ಟ್ರ್ಯಾಕ್ಟರ್ ಹೊಡೆಸಿ ಜೋಳ ಬಿತ್ತಿದರು. ಎರಡೂ ಮೊಳೆತವು, ಎರಡೂ ಕೈಗೆ ಹತ್ತಲಿಲ್ಲ. ಅಪ್ಪಯ್ಯಣ್ಣ ಯಾರ ಮೇಲೂ ಕೂಗಾಡದೆ, ಪಾಲು ಕೇಳದೆ, ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟರು. ಜಗಳ ಆಡಿ ಬಂದಿದ್ದರೆ ಯಾರಾದರೂ ರಾಜಿ ಮಾಡಿಸಬಹುದಿತ್ತು. ಜಗಳವೇ ಆಡಲಿಲ್ಲವಾದ್ದರಿಂದ ರಾಜಿಯೂ ಆಗಲಿಲ್ಲ. ಸಾವು ನೋವಿಗೆ ಸೇರಿದಾಗ "ಊಟ ಆಯ್ತಾ" ಎಂದು ಕೇಳುವಷ್ಟು ಮಾತ್ರ ಉಳಿದಿತ್ತು.

ಮರಿಯನ್ನು ಯಜಮಾನ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ದಿನೇ ದಿನೇ ಗುಂಡಗಾಯಿತು. ಬೀಗರು ಕೇಳಿದರೆ, "ಅದೇ ನೋಡಿ, ಜೋಡಿ ಬೆಳೀತಾ ಇದೆ" ಎಂದು ಉಮಾಶಂಕರ್ ತೋರಿಸುತ್ತಿದ್ದರು. ಅಪ್ಪಯ್ಯಣ್ಣ ಮಾತ್ರ ದಿನ ಬೆಳಗ್ಗೆ ಅದರ ಮೈಮೇಲಿನ ಬಿಳಿ ಬಳೆಗಳನ್ನು ನೋಡುತ್ತ ನಿಲ್ಲುತ್ತಿದ್ದರು. ಎಲ್ಲರೂ ಅದು ಬೇಗ ಬಣ್ಣ ತಿರುಗಲಿ ಎಂದು ಕಾಯುತ್ತಿದ್ದರೆ, ಅವರು ತಿರುಗದಿರಲಿ ಎಂದು ಕಾಯುತ್ತಿದ್ದರು.

ಈ ನಡುವೆ ಒಂದು ದಿನ ಆಫೀಸಿಗೆ ಒಬ್ಬರು ಬಂದರು. ಹೆಗಲ ಮೇಲೆ ಮಡಿಸಿದ ಟವೆಲ್. ಕುರ್ಚಿಯಲ್ಲಿ ಕೂತು ಎರಡು ಸಲ ಕೆಮ್ಮಿದರು. ಹೆಸರು ಕೇಳುವ ಅಗತ್ಯವೇ ಬೀಳಲಿಲ್ಲ. ಮಗಳು ಸಿಂಚನಳ ಮದುವೆ, ಗಂಡಿನ ಕಡೆಯವರು ದೇವನಹಳ್ಳಿಯವರು, ದಿನ ಗೊತ್ತಾಗಿದೆ ಎಂದರು. ಊರ ಹತ್ತಿರವೇ ಬೇರೆ ಛತ್ರ ಇತ್ತಲ್ಲ ಎಂದು ಕೆಣಕಿದೆ.

"ಬೇರೆ ಕಡೆ ಮಾಡಿದ್ರೆ ಅಣ್ಣ ಬರಲ್ಲ" ಎಂದರು ಮುನಿರಾಜ್. "ಇಲ್ಲಾದ್ರೆ ಇದ್ದೇ ಇರ್ತಾನೆ."

ಸಿಂಚನಳ ಮದುವೆ ಹತ್ತಿರ ಬರುವ ಹೊತ್ತಿಗೆ ಮರಿಯ ಬಾಲದ ಕಡೆಯಿಂದ ಬಳೆಗಳು ಒಡೆದು ಗೆರೆಗಳಾಗತೊಡಗಿದವು. ಗೆರೆಗೆ ಹಳದಿ ಏರಿತು. ಒಂದು ಬೆಳಗ್ಗೆ ಯಜಮಾನ ಅದನ್ನು ಕಲ್ಲಿನಿಂದ ಕಲ್ಲಿಗೆ ಅಟ್ಟಾಡಿಸಿತು. ಅಪ್ಪಯ್ಯಣ್ಣ ತೊಟ್ಟಿಯ ನಡುವೆ ತೂತಿನ ತಡಿಕೆ ನಿಲ್ಲಿಸಿ, ಉಮಾಶಂಕರ್ ಅವರ ಮುಂದೆ ಕೈಕಟ್ಟಿ ನಿಂತರು.

"ಒಂದನ್ನ ಕಳಿಸ್ಬೇಕು ಸಾರ್. ಇಲ್ಲಾಂದ್ರೆ ಒಂದು ಸಾಯ್ತದೆ."

"ಈಗ ತಾನೇ ಜೋಡಿ ಆಗಿದೆ, ಈಗ ಕಳಿಸೋದಾ? ಲಗ್ನದ ದಿನಗಳು ಮುಗೀಲಿ. ಆ ತಡಿಕೆ ಬೇರೆ ಜೈಲಿನ ಥರ ಕಾಣುತ್ತೆ, ಮದುವೆ ದಿನ ತೆಗೀರಿ" ಎಂದರು ಮಾಲೀಕರು.

ಮದುವೆಯ ದಿನ ತಡಿಕೆ ತೆಗೆದಾಯಿತು. ಬೆಳಗ್ಗೆ ತಿಂಡಿಯ ಹೊತ್ತಿನಿಂದಲೇ ಅಪ್ಪಯ್ಯಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ತೊಟ್ಟಿಯ ಪಕ್ಕ ನಿಂತರು. ಯಜಮಾನ ನುಗ್ಗಿದಾಗಲೆಲ್ಲ ಗಾಜು ತಟ್ಟುವುದು, ಟವೆಲ್ ಆಡಿಸುವುದು, ಅದು ಇವರತ್ತ ತಿರುಗಿದ ಕ್ಷಣದಲ್ಲಿ ಮರಿ ಸಂದಿ ಸೇರಿಕೊಳ್ಳುವುದು. ಮರಿಯ ಬಾಲ ಆಗಲೇ ಹರಿದಿತ್ತು. ಓಲಗ ಶುರುವಾಯಿತು. ಅಮ್ಮಯಮ್ಮ ಹೊಸ ಸೀರೆ ಉಟ್ಟು ಬಂದು ಕರೆದರು. ಇವರು ಜಾಗ ಬಿಟ್ಟು ಕದಲಲಿಲ್ಲ.

ಧಾರೆಯ ಹೊತ್ತಾಗುತ್ತಾ ಬಂತು. ಮುನಿರಾಜ್ ರೇಷ್ಮೆ ಪಂಚೆ ಉಟ್ಟು ತಾವೇ ಬಂದರು. ನಾನು ಆಫೀಸಿನ ಬಾಗಿಲಲ್ಲಿದ್ದೆ.

"ಅಣ್ಣ, ಮೇಲಕ್ಕೆ ಬಾ. ನೀನು ನಿಂತ್ಕೊಂಡ್ರೇನೇ ಧಾರೆ."

"ನೀನು ನಡಿ, ಬರ್ತೀನಿ."

"ಊರು ಬಿಟ್ಟಾಗ್ಲೂ ಹಿಂಗೇ ಅಂದೆ. ಬರಲ್ಲ ಅಂತ ನೇರವಾಗಿ ಹೇಳ್ಬಿಡು." ಮುನಿರಾಜ್ ಅವರ ದನಿ ಏರಿತು. ಜನ ತಿರುಗಿ ನೋಡಿದರು. ಇಷ್ಟು ವರ್ಷದಿಂದ ಗಂಟಲಲ್ಲಿ ಕೂತಿದ್ದ ಮಾತು ಅದು ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಅಪ್ಪಯ್ಯಣ್ಣ ಉತ್ತರ ಕೊಡಬೇಕೆನ್ನುವಷ್ಟರಲ್ಲಿ ಯಜಮಾನ ಮತ್ತೆ ನುಗ್ಗಿತು. ಅವರು ಟವೆಲ್ ಬೀಸಿದರು. ತಮ್ಮ ಆಗ ತೊಟ್ಟಿಯ ಕಡೆ ನೋಡಿದರು. ದೊಡ್ಡದನ್ನು ನೋಡಿದರು, ಹರಿದ ಬಾಲದ ಚಿಕ್ಕದನ್ನು ನೋಡಿದರು.

"ಏನಣ್ಣ ಇದು, ಎರಡೂ ಒಂದೇ ಥರ ಅವೆ?"

"ಅದೇ ಕಷ್ಟ ಕಣೋ" ಎಂದರು ಅಪ್ಪಯ್ಯಣ್ಣ. "ನಾನು ಆ ಕಡೆ ಹೋದ್ರೆ ದೊಡ್ಡದು ಚಿಕ್ಕದನ್ನ ಕೊಂದ್ಬಿಡ್ತದೆ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಊಟದ ಮನೆಯಲ್ಲಿ ಯಾರಿಗೋ ಕೈ ಮುಗಿಯುತ್ತಿದ್ದ ಉಮಾಶಂಕರ್ ಅವರನ್ನು ಪಕ್ಕಕ್ಕೆ ಕರೆದೆ. "ಸಾರ್, ಒಂಟಿ ಮೀನು ಅಪಶಕುನ ಅಂತೀರಿ. ಧಾರೆ ಎರೆಯೋ ಹೊತ್ತಲ್ಲಿ ಸತ್ತ ಮೀನು ತೇಲಿದ್ರೆ ಅದಕ್ಕೇನು ಅಂತೀರಿ? ಫೋನ್ ಹಿಡ್ಕೊಂಡು ಊರೆಲ್ಲ ನಿಂತಿದೆ, ನೋಡ್ಕೊಳಿ" ಎಂದೆ. ಅವರ ಮುಖದ ಬಣ್ಣವೂ ತಿರುಗಿತು. "ಯಾವುದಾದ್ರೂ ತೆಗೆದು ಹಾಕಿ, ಬೇಗ" ಎಂದರು.

ನಾನು ಓಡಿ ಬಂದು ಹೇಳಿದೆ. ಅಪ್ಪಯ್ಯಣ್ಣ ತೂತಿನ ಗಾಜಿನ ಪೆಟ್ಟಿಗೆ ತಂದು, ಒಳಗೆ ತಿಂಡಿ ಸಿಕ್ಕಿಸಿ, ಅದರ ಬಾಗಿಲನ್ನು ದಾರದಲ್ಲಿ ಮೇಲೆತ್ತಿ ಹಿಡಿದು, ನೀರಿಗೆ ಇಳಿಬಿಟ್ಟರು.

"ಯಾವುದನ್ನ ತೆಗೀತೀಯ?" ಎಂದರು ಮುನಿರಾಜ್.

"ದೊಡ್ಡದನ್ನ."

"ಅದು ನೀನು ಕೈಯಾರೆ ಸಾಕಿದ್ದಂತೆ, ಅತ್ತಿಗೆ ಹೇಳ್ತಿದ್ರು. ಚಿಕ್ಕದನ್ನ ಕಳಿಸು."

"ಚಿಕ್ಕದಕ್ಕೆ ಗಾಯ ಆಗೈತೆ, ಹೊಸ ಜಾಗ ತಡ್ಕೊಳಲ್ಲ. ದೊಡ್ಡದು ಎಲ್ಲಿ ಬಿಟ್ರೂ ಮೇವು ತಿಂತದೆ."

ಮುನಿರಾಜ್ ಗಾಜಿನ ಹತ್ತಿರಕ್ಕೆ ಬಂದರು. "ಯಾವಾಗ್ಲೂ ದೊಡ್ಡೋರೇ ಹೋಗ್ಬೇಕಾ ಅಣ್ಣ?" ಎಂದರು.

"ಒಬ್ರು ಹೋದ್ರೆ ಇಬ್ರೂ ಬದುಕ್ತಾರೆ ಕಣೋ."

ಮುನಿರಾಜ್ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಯಜಮಾನ ಎಂದಿನಂತೆ ಟವೆಲ್ ನೋಡಿಕೊಂಡು ನೇರವಾಗಿ ಬಂದು ಪೆಟ್ಟಿಗೆಯೊಳಗೆ ಹೊಕ್ಕಿತು. ಅಪ್ಪಯ್ಯಣ್ಣನ ಕೈ ಬಾಗಿಲ ದಾರದ ಮೇಲೆ ಹಾಗೇ ನಿಂತುಬಿಟ್ಟಿತು. ನಂಬಿ ಬಂದದ್ದನ್ನು ಮುಚ್ಚುವುದಕ್ಕೆ ಅವರಿಗೆ ಆಗಲಿಲ್ಲ. ಮುನಿರಾಜ್ ರೇಷ್ಮೆ ಅಂಗಿಯ ತೋಳು ಮೇಲೇರಿಸಿ, ಉಪ್ಪುನೀರಿಗೆ ಕೈ ಹಾಕಿ, ಬಾಗಿಲು ಇಳಿಸಿದರು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಎತ್ತಿ ಉಗ್ರಾಣದ ತೊಟ್ಟಿಗೆ ಬಿಟ್ಟು ಬಂದರು. ಧಾರೆಯ ಹೊತ್ತಿಗೆ ಮಂಟಪದ ಮೇಲೆ ಅಣ್ಣತಮ್ಮಂದಿರು ಒಟ್ಟಿಗೆ ನಿಂತಿದ್ದರು, ಒಬ್ಬರದು ಬಲಗೈ ತೋಳು ಒದ್ದೆ, ಇನ್ನೊಬ್ಬರದು ಎಡಗೈ. ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ದೇವನಹಳ್ಳಿಯ ಕಡೆ ಒಂದು ಹೋಟೆಲಿನಲ್ಲಿ ಇನ್ನೂ ದೊಡ್ಡ ತೊಟ್ಟಿ ಇದೆ. ಅದನ್ನೂ ನೋಡಿಕೊಳ್ಳುವುದು ವಸಂತ್ ಅವರೇ. ಅಲ್ಲಿ ಆ ಜಾತಿಯದು ಇನ್ನೊಂದಿಲ್ಲ. ಹೋಟೆಲಿಗೆ ಒಂಟಿಯಾಗಿ ಬಂದು ಇಳಿಯುವವರೇ ಹೆಚ್ಚು, ಅಲ್ಲಿ ಯಾರೂ ಶಕುನ ನೋಡುವುದಿಲ್ಲ. ಬೀಗರ ಊಟಕ್ಕೆ ದೇವನಹಳ್ಳಿಗೆ ಹೊರಟ ವ್ಯಾನಿನಲ್ಲಿ ಯಜಮಾನನ ಡ್ರಮ್ಮನ್ನೂ ಇಟ್ಟುಕೊಂಡರು. ಒಂದು ಕಡೆ ಅಣ್ಣ, ಇನ್ನೊಂದು ಕಡೆ ತಮ್ಮ, ನೀರು ತುಳುಕದ ಹಾಗೆ ಹಿಡಿದುಕೊಂಡು ಕೂತಿದ್ದರು. ದಾರಿಯುದ್ದಕ್ಕೂ ಇಬ್ಬರೂ ಹೆಚ್ಚು ಮಾತಾಡಲಿಲ್ಲವೆಂದು ಅಮ್ಮಯಮ್ಮ ಹೇಳಿದರು.

ಈಗ ನಮ್ಮ ತೊಟ್ಟಿಯಲ್ಲಿ ಚಿಕ್ಕದು ಪೂರ್ತಿ ಬಣ್ಣ ತಿರುಗಿ ದೊಡ್ಡದಾಗಿದೆ. ಬಾಲ ಚಿಗುರಿದೆ. ಬೀಗರು ಈಗಲೂ ಕೇಳುತ್ತಾರೆ, ಇದರ ಜೋಡಿ ಎಲ್ಲಿ ಎಂದು. "ದೇವನಹಳ್ಳೀಲಿದೆ" ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ, ಆಮೇಲೆ ಅದರ ಮಾತೇ ಎತ್ತುವುದಿಲ್ಲ. ಉಮಾಶಂಕರ್ ಅವರೂ ಈಗ ಅದೇ ಉತ್ತರ ಹೇಳುತ್ತಾರೆ.

ಅಪ್ಪಯ್ಯಣ್ಣ ಅಲ್ಲಿಗೆ ಹೋಗಿ ನೋಡಿ ಬರುವುದಿಲ್ಲ. ಟವೆಲ್ ಕಂಡರೆ ಓಡಿ ಬರುತ್ತದೆ, ಆಮೇಲೆ ಬಿಟ್ಟು ಬರುವುದು ಕಷ್ಟ ಎನ್ನುತ್ತಾರೆ. ಮುನಿರಾಜ್ ಮಗಳ ಮನೆಗೆ ಹೋದಾಗಲೆಲ್ಲ ಹೋಟೆಲಿಗೆ ಹೋಗಿ ಕಾಫಿ ಕುಡಿದು ನೋಡಿಕೊಂಡು ಬರುತ್ತಾರೆ. ಅಲ್ಲಿಂದಲೇ ಫೋನ್ ಮಾಡುತ್ತಾರೆ. ಅಪ್ಪಯ್ಯಣ್ಣನಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಕೊಳ್ಳುತ್ತಾರೆ, ಹಾಗಾಗಿ ಆಫೀಸಿಗೂ ಕೇಳುತ್ತದೆ. ಮೊದಲು ಆ ಕಡೆಯಿಂದ ಎರಡು ಕೆಮ್ಮು, ಈ ಕಡೆಯಿಂದ ಎರಡು ಕೆಮ್ಮು.

"ಅಣ್ಣ, ನಿಂದು ಚೆನ್ನಾಗೈತೆ. ಮೇವು ತಿಂತಾ ಐತೆ. ನಂದು ಹೆಂಗೈತೆ?"

ಅಪ್ಪಯ್ಯಣ್ಣ ತೊಟ್ಟಿಯ ಹತ್ತಿರ ಹೋಗಿ ಒಂದು ಸಲ ಬಗ್ಗಿ ನೋಡುತ್ತಾರೆ.

"ನಿಂದೂ ಚೆನ್ನಾಗೈತೆ ಕಣೋ" ಎನ್ನುತ್ತಾರೆ. "ಊಟ ಆಯ್ತಾ?"